ಮೂರು ಬಾಟಲಿ ಹುಣಸೆ ನೀರು

ಕಾರ ಹುಣ್ಣಿಮೆಯ ದಿನ ನಾನು ಹೂರಣ ರುಬ್ಬುತ್ತಿದ್ದಾಗ ಕೂಸಿನ ತಾಯಿ ಬಾಗಿಲಲ್ಲಿ ಬಂದು ನಿಂತಳು. ಬೆಳಗಿನ ಹನ್ನೊಂದು ಗಂಟೆ. ಆ ಹೊತ್ತಿಗೆ ಅವಳು ಸೆಕ್ಟರ್ ಫೈವ್‌ನ ತನ್ನ ಆಫೀಸಿನಲ್ಲಿ ಇರಬೇಕಿತ್ತು. ಚಪ್ಪಲಿ ಬಿಡದೆ, ಒಳಗೂ ಬರದೆ, ಕೈಯಲ್ಲಿದ್ದ ಕಾಗದವನ್ನು ನನ್ನ ಕಡೆ ಚಾಚಿದಳು.

"ಆಂಟಿ, ಪಾಪು ರಕ್ತದಲ್ಲಿ ಲೆಡ್ ಇದೆಯಂತೆ."

"ಲೆಡ್ ಅಂದ್ರ?"

"ಸೀಸ ಆಂಟಿ. ವಿಷ ಅದು."

ನನ್ನ ಕೈ ಹೂರಣದಲ್ಲಿತ್ತು. ತೊಳೆದುಕೊಂಡು ಬಂದು ಕಾಗದ ನೋಡಿದೆ. ಡಾಕ್ಟರು ಒಂದು ಅಂಕಿಯ ಸುತ್ತ ಕೆಂಪು ಪೆನ್ನಿನಿಂದ ಎರಡು ಸುತ್ತು ಎಳೆದಿದ್ದರು. ಒಳಗೆ ಚಾಪೆಯ ಮೇಲೆ ಕೂಸು ಮಲಗಿತ್ತು. ಎರಡೂವರೆ ವರ್ಷದ ಹುಡುಗಿ. ಆ ಹೊತ್ತಿನಲ್ಲಿ ಮಲಗುವ ಕೂಸೇ ಅಲ್ಲ ಅದು.

ಈ ಕೂಸನ್ನು ನೋಡಿಕೊಳ್ಳುವುದು ನನ್ನ ಕೆಲಸ. ಉಪಕಾರ ಅನ್ನುವುದಿಲ್ಲ, ಕೆಲಸವೆಂದೇ ಒಪ್ಪಿಕೊಂಡದ್ದು. ನಮ್ಮ ಮನೆಯವರು ರೈಲ್ವೆ ಆಫೀಸಿನವರು. ಗದಗಿನ ಕಡೆಯಿಂದ ಬಂಗಾಳಕ್ಕೆ ವರ್ಗವಾಗಿ ಬಂದು ಬಾಲಿಗಂಜ್‌ನಲ್ಲಿ ನೆಲೆಯಾಗಿ ಬಹಳ ವರ್ಷವಾಯಿತು. ಕೂಸಿನ ತಂದೆ ತಾಯಿ ಬೆಂಗಳೂರಿನವರು, ಎರಡು ಗಲ್ಲಿ ಆಚೆ ಹಳೆಯ ಮನೆಯೊಂದರ ಮಹಡಿಯಲ್ಲಿ ಬಾಡಿಗೆಗಿದ್ದಾರೆ. ಇಬ್ಬರೂ ಬೆಳಿಗ್ಗೆ ಆಫೀಸಿನ ಗಾಡಿ ಹತ್ತುವ ಮುಂಚೆ ಕೂಸನ್ನು ನನ್ನ ಕೈಗೆ ಕೊಟ್ಟು ಹೋಗುತ್ತಾರೆ, ಸಂಜೆ ಒಯ್ಯುತ್ತಾರೆ. ಮಧ್ಯಾಹ್ನದ ಊಟ ನನ್ನ ಮನೆಯಲ್ಲೇ. ಅದು ನನ್ನನ್ನು "ಆಯಿ" ಅನ್ನುತ್ತದೆ, ನಮ್ಮ ಕಡೆ ಅಜ್ಜಿಗೆ ಅನ್ನುವ ಹಾಗೆ. ನಾನು ಹೇಳಿಕೊಟ್ಟದ್ದಲ್ಲ, ತಾನೇ ಕಲಿತದ್ದು.

ಎರಡು ತಿಂಗಳಿಂದ ಕೂಸು ಸೊರಗುತ್ತಿತ್ತು. ಹೊಟ್ಟೆ ಹಿಡಿದುಕೊಂಡು ಅಳುವುದು, ಮಲಬದ್ಧತೆ, ಮುಖ ಬಿಳಿಚಿಕೊಂಡದ್ದು, ಕಾರಣವಿಲ್ಲದ ಹಟ. ರಕ್ತ ಕಡಿಮೆ ಇದೆ ಎಂದು ಕಬ್ಬಿಣಾಂಶದ ಹನಿ ಕೊಟ್ಟರು, ಏರಲಿಲ್ಲ. ಆಗಲೇ ಮಕ್ಕಳ ಡಾಕ್ಟರಿಗೆ ಅನುಮಾನ ಬಂದು ಈ ಪರೀಕ್ಷೆ ಬರೆದದ್ದು. ಅವರು ವಯಸ್ಸಾದ ಬಂಗಾಳಿ, ಅವಸರವಿಲ್ಲದ ಮನುಷ್ಯ. ಮರುದಿನ ನಮ್ಮೆಲ್ಲರನ್ನೂ ಕೂಡಿಸಿಕೊಂಡು ಹಿಂದಿಯಲ್ಲಿ ಬಿಡಿಸಿ ಹೇಳಿದರು. ಸೀಸ ಮೈಯಲ್ಲಿ ಸೇರಿದರೆ ರಕ್ತ ಆಗಗೊಡುವುದಿಲ್ಲ, ಎಲುಬಿನಲ್ಲಿ ಹೋಗಿ ಕೂರುತ್ತದೆ. ಚಿಕ್ಕ ಮಕ್ಕಳಲ್ಲಿ ಬೆಳೆಯುವ ಮಿದುಳಿಗೇ ಪೆಟ್ಟು. ದೊಡ್ಡವರಿಗಿಂತ ಮಕ್ಕಳ ಹೊಟ್ಟೆ ಅದನ್ನು ಬಹಳ ಹೆಚ್ಚು ಎಳೆದುಕೊಳ್ಳುತ್ತದೆ.

"ಔಷಧಿ ಏನು ಸರ್?" ಎಂದು ಕೇಳಿದಳು ತಾಯಿ.

"ಈ ಮಟ್ಟಕ್ಕೆ ಔಷಧಿ ಬೇಡ. ಎಲ್ಲಿಂದ ಬರುತ್ತಿದೆ ಹುಡುಕಿ, ನಿಲ್ಲಿಸಿ. ಅದೇ ಔಷಧಿ. ಹಾಲು, ಸೊಪ್ಪು, ಬೇಳೆ ಚೆನ್ನಾಗಿ ಕೊಡಿ. ಆರು ವಾರ ಬಿಟ್ಟು ಮತ್ತೆ ನೋಡೋಣ. ಇಳಿಯಲೇಬೇಕು. ಏರಿದರೆ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ."

ಕೂಸು ಇರುವುದು ಎರಡೇ ಮನೆಗಳಲ್ಲಿ. ಅವರದು, ಇಲ್ಲವೇ ನನ್ನದು. ನನ್ನ ಮನೆಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ದಿನಾ ಒದ್ದೆ ಬಟ್ಟೆಯಿಂದ ನೆಲ ಒರೆಸುವವಳು ನಾನು. ಖಾರದಪುಡಿ, ಮಸಾಲೆ ಪುಡಿ ಊರಿನಿಂದಲೇ ತರುವುದು. ಕೂಸಿನ ಕಣ್ಣಿಗೆ ಹಚ್ಚುವ ಕಾಡಿಗೆ ಕೂಡ ತುಪ್ಪದ ದೀಪದಿಂದ ನಾನೇ ಹಿಡಿದದ್ದು. ಪೂಜೆಯಾಗಿ, ಲಿಂಗಕ್ಕೆ ಎಡೆಯಾಗದೆ ಒಂದು ತುತ್ತು ಯಾರ ಬಾಯಿಗೂ ಹೋಗುವುದಿಲ್ಲ. ಇಂಥ ಮನೆಯಲ್ಲಿ ವಿಷ ಹೇಗೆ ಬರುತ್ತದೆ?

ತಾಯಿ ಮಾತ್ರ ಹಿಂಜರಿಯುತ್ತಲೇ ಕೇಳಿದಳು. "ಆಂಟಿ, ತಪ್ಪು ತಿಳ್ಕೋಬೇಡಿ. ನಿಮ್ಮನೆ ಅರಿಶಿನ, ಕಾಡಿಗೆ ಸ್ವಲ್ಪ ಸ್ವಲ್ಪ ಕೊಡ್ತೀರಾ? ಟೆಸ್ಟ್ ಮಾಡಿಸೋಣ ಅಂತ."

"ತಪ್ಪ ಯಾಕ ತಿಳಕೊಳ್ಳಲಿ ತಂಗಿ? ಒಯ್ಯಿ. ಬೇಕಾದ್ರ ನನ್ನ ವಿಭೂತಿನೂ ಒಯ್ಯಿ."

ನಕ್ಕು ಹೇಳಿದೆ. ಒಳಗೆ ಸ್ವಲ್ಪ ಚುಚ್ಚಿತು, ಅದೂ ನಿಜ.

ಬೈಪಾಸ್ ರಸ್ತೆಯ ಆಚೆ ಒಂದು ಪರೀಕ್ಷಾಲಯವಿದೆ. ಅಲ್ಲಿಗೆ ನನ್ನ ಅರಿಶಿಣ, ಕಾಡಿಗೆ, ಗರಿಯಾಹಾಟ್ ಫುಟ್‌ಪಾತಿನಲ್ಲಿ ಕೊಂಡ ಬಣ್ಣದ ಆಟಿಕೆ, ಅವರ ಮನೆಯ ಕಿಟಕಿಯಿಂದ ಉದುರಿದ ಬಣ್ಣದ ಚಕ್ಕೆ, ಎರಡೂ ಮನೆಯ ನಲ್ಲಿ ನೀರು, ಇಷ್ಟು ಹೋದವು. ವಾರದ ಮೇಲೆ ಉತ್ತರ ಬಂತು. ನನ್ನವೆಲ್ಲ ಶುದ್ಧ. ಆಟಿಕೆ, ನೀರು ಶುದ್ಧ. ಅವರ ಕಿಟಕಿಯ ಬಣ್ಣದಲ್ಲಿ ಮಾತ್ರ ಸೀಸವಿತ್ತು. ಹಳೇ ಕಾಲದ ಮನೆ, ಪಟ್ಟಿ ಪಟ್ಟಿ ಹಲಗೆಯ ಹಸಿರು ಕಿಟಕಿಗಳು, ಮುಟ್ಟಿದರೆ ಬಣ್ಣ ಉದುರುವಂಥವು. ಕೂಸು ಅದೇ ಕಿಟಕಿಯ ಕೆಳಗೆ ನಿಂತು ಟ್ರಾಮ್ ನೋಡುವುದು.

ಸಿಕ್ಕಿತಲ್ಲ ಎಂದುಕೊಂಡೆವು. ದಿನಾ ಸಂಜೆ ದೀಪ ಹಚ್ಚಿ ಆ ದಿನ ದೇವರು ಕೊಟ್ಟ ಒಳ್ಳೆಯದನ್ನು ಬೆರಳ ಗೆಣ್ಣಿನ ಮೇಲೆ ಎಣಿಸುವುದು ನನ್ನ ರೂಢಿ. ಅವತ್ತು ಹೆಬ್ಬೆರಳು ಮೊದಲನೇ ಗೆಣ್ಣಿನ ಮೇಲೆ ಇಟ್ಟಾಗ ಬಂದದ್ದು ಇದೇ: ವಿಷ ಎಲ್ಲಿದೆ ಎಂದು ತಿಳಿಯಿತು, ಅದು ನನ್ನ ಮನೆಯಲ್ಲಿಲ್ಲ.

ಮಾಲೀಕರಿಗೆ ಹೇಳಿ ಕಿಟಕಿಗಳನ್ನೆಲ್ಲ ದುರಸ್ತಿ ಮಾಡಿಸಲು ಗೊತ್ತುಮಾಡಿದರು. ಹಳೆಯ ಬಣ್ಣವನ್ನು ಒಣಗಿದಂತೆಯೇ ಕೆರೆದರೆ ಧೂಳೆದ್ದು ಇನ್ನೂ ಕೆಟ್ಟದ್ದಂತೆ. ಒದ್ದೆ ಮಾಡಿ ಕೆರೆಯಬೇಕು, ಕೆರೆದದ್ದನ್ನು ಚೀಲದಲ್ಲಿ ಕಟ್ಟಬೇಕು, ನೆಲವನ್ನು ಎರಡು ಸಲ ಒರೆಸಬೇಕು. ಆ ಕೆಲಸ ಮುಗಿಯುವವರೆಗೆ ಕೂಸು ಆ ಮನೆಯಲ್ಲಿ ಆದಷ್ಟು ಕಡಿಮೆ ಇರಲಿ ಎಂದು ನಾನೇ ಹೇಳಿದೆ. "ರಾತ್ರಿ ಮಲಗಲಿಕ್ಕೆ ಅಷ್ಟ ಒಯ್ಯಿ. ಉಂಡ ಹೋಗಲಿ."

ಹೀಗೆ ಕೂಸು ನನ್ನ ಮನೆಯಲ್ಲಿ ಎರಡು ಹೊತ್ತು ಉಣ್ಣತೊಡಗಿತು. ಹಸಿವು ಸತ್ತ ಕೂಸು. ಹಾಲು ಕೊಟ್ಟರೆ ಮುಖ ತಿರುಗಿಸುವುದು, ಬೇಳೆ ಕೊಟ್ಟರೆ ಉಗುಳುವುದು. ಒಂದಕ್ಕೆ ಮಾತ್ರ ಬಾಯಿ ತೆರೆಯುತ್ತಿತ್ತು, ನನ್ನ ಸಾರಿಗೆ. ಹುಣಸೆಹಣ್ಣು, ಬೆಲ್ಲ ಹಾಕಿ ಕುದಿಸಿದ ಸಾರು. ಹಬ್ಬದ ದಿನ ಹೋಳಿಗೆಗೆ ಬೇಳೆ ಬೇಯಿಸಿ ಬಸಿದ ಕಟ್ಟಿನಿಂದ ಮಾಡಿದ್ದಾದರಂತೂ ಬಟ್ಟಲು ನೆಕ್ಕುತ್ತಿತ್ತು. ನಮ್ಮ ಕಡೆ ಕಟ್ಟಿನ ಸಾರನ್ನು ಒಂದೇ ದಿನದಲ್ಲಿ ಮುಗಿಸುವ ರೂಢಿಯಿಲ್ಲ. ಮರುದಿನ ಕುದಿಸಿದರೆ ರುಚಿ, ಮೂರನೇ ದಿನ ಇನ್ನೂ ರುಚಿ. ಮೇಲಾಗಿ ಎಡೆಯಾದ ಮೇಲೆ ಅದು ಪ್ರಸಾದ. ನಮ್ಮಲ್ಲಿ ಪ್ರಸಾದ ಚೆಲ್ಲುವುದಿಲ್ಲ. ತಾಟು ತೊಳೆದ ನೀರನ್ನೂ ಕುಡಿದು ಏಳುವವರು ನಾವು. ಹಾಗಾಗಿ ಮಾಡಿದ ಪಾತ್ರೆಯಲ್ಲೇ ಇಟ್ಟು, ದಿನಾ ಒಂದು ಕುದಿ ಕುದಿಸಿ, ಕೊನೆಯ ಸೌಟಿನವರೆಗೆ ಬಡಿಸುತ್ತಿದ್ದೆ. ಕೊನೆಯ ಸೌಟು ಕೂಸಿಗೇ. ಮೆತ್ತಗೆ ಅನ್ನ ಕಲಸಿ, ತುಪ್ಪ ಹಾಕಿ, "ಇದು ಆಯಿ ತುತ್ತು, ಇದು ಕಾಗಿ ತುತ್ತು" ಎಂದು ಉಣಿಸುತ್ತಿದ್ದೆ. ಇಷ್ಟಾದರೂ ಹೊಟ್ಟೆಗೆ ಹೋಗುತ್ತಿದೆಯಲ್ಲ ಎಂದು ಸಮಾಧಾನಪಡುತ್ತಿದ್ದೆ.

ಶ್ರಾವಣದ ಒಂದು ಸೋಮವಾರ ಎರಡನೇ ವರದಿ ಬಂತು. ಸೀಸ ಇಳಿದಿರಲಿಲ್ಲ. ಏರಿತ್ತು.

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆಸ್ಪತ್ರೆಗೆ ಸೇರಿಸುವ ಗೆರೆಗೆ ಹತ್ತಿರ ಬಂದಿದ್ದೇವೆ. ಇನ್ನೂ ದಾಟಿಲ್ಲ. ಎರಡು ವಾರ ಸಮಯ ಕೊಡುತ್ತೇನೆ. ಒಂದು ಹೇಳಿ, ಈ ಆರು ವಾರದಲ್ಲಿ ಮಗುವಿನ ದಿನಚರಿಯಲ್ಲಿ ಏನು ಬದಲಾಯಿತು?"

ಕೂಸಿನ ತಾಯಿ ನೆಲ ನೋಡುತ್ತಿದ್ದಳು. ಅವಳು ಹೇಳಲಾರದ ಮಾತು ಯಾವುದೆಂದು ನನಗೆ ಗೊತ್ತಾಯಿತು. ಅದನ್ನು ಅವಳ ಬಾಯಿಂದ ಹೇಳಿಸುವುದು ಅನ್ಯಾಯ.

"ನನ್ನ ಮನೆಯಲ್ಲಿ ಒಂದು ಹೊತ್ತು ಉಣ್ಣುತ್ತಿತ್ತು, ಈಗ ಎರಡು ಹೊತ್ತು ಉಣ್ಣುತ್ತದೆ," ಎಂದು ನನ್ನ ಹರಕುಮುರುಕು ಹಿಂದಿಯಲ್ಲಿ ಹೇಳಿದೆ. "ಡಾಕ್ಟರ್ ಸಾಹೇಬರೇ, ನನ್ನ ರಕ್ತ ತೆಗೆದುಕೊಳ್ಳಿ. ನಮ್ಮ ಮನೆಯವರದೂ ತೆಗೆದುಕೊಳ್ಳಿ."

ಅವರು ನನ್ನನ್ನು ಒಂದು ಕ್ಷಣ ನೋಡಿದರು. "ಇದನ್ನು ನಾನು ಮೊದಲ ದಿನವೇ ಕೇಳಬೇಕಿತ್ತು," ಎಂದು ಚೀಟಿ ಬರೆದರು.

ಹೊರಗೆ ಬಂದ ಮೇಲೆ ತಾಯಿ ಕೂಸನ್ನು ಹೆಗಲಿಗೆ ಹಾಕಿಕೊಂಡು, "ಸ್ವಲ್ಪ ದಿನ ಮನೇಲೇ ಇಟ್ಕೋತೀನಿ ಆಂಟಿ. ಆಫೀಸಿಗೆ ಹೇಳಿ ಮನೆಯಿಂದಲೇ ಕೆಲಸ ಮಾಡ್ತೀನಿ," ಅಂದಳು.

"ಹೂಂ, ಅದ ಛಲೋ."

"ಬೇಜಾರಾ?"

"ಬ್ಯಾಸರ ಮಾಡಕೊಳ್ಳೂ ಹೊತ್ತ ಇಲ್ಲ ತಂಗಿ ಇದು. ನೀ ಮೊದಲ ಮನೀಗಿ ಹೋಗು."

ಆಟೋ ಹೊರಟಾಗ ಕೂಸು ಹಿಂದಕ್ಕೆ ತಿರುಗಿ "ಆಯಿ, ಆಯಿ" ಎಂದು ಕೈ ಚಾಚಿತು. ಅದು ಮೂಲೆ ತಿರುಗುವವರೆಗೆ ನಿಂತಿದ್ದೆ.

ಮನೆಗೆ ಬಂದರೆ ಒಲೆಯ ಮೇಲೆ ಬೆಳಗಿನ ಕಟ್ಟಿನ ಸಾರು ಹಾಗೇ ಇತ್ತು. ಸೋಮವಾರದ ಹೋಳಿಗೆಯದು. ಅತ್ತೆಯವರು ಕೊಟ್ಟ ದೊಡ್ಡ ಹಿತ್ತಾಳೆ ಬೋಗುಣಿಯ ತುಂಬ. ಯಾವುದರಲ್ಲಿ ವಿಷವಿದೆಯೆಂದು ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ, ನನ್ನ ಅಡುಗೆಯಲ್ಲಿ ಎಲ್ಲೋ ಇದೆ. ತಿಳಿಯುವ ತನಕ ಈ ಮನೆಯ ಅಡುಗೆ ಯಾರೂ ಉಣ್ಣುವಂತಿಲ್ಲ. ಆದರೆ ಇದು ಪ್ರಸಾದ. ಹುಟ್ಟಿದಾಗಿನಿಂದ ಒಂದು ಅಗುಳು ಚೆಲ್ಲಿದವಳಲ್ಲ ನಾನು. ಬೋಗುಣಿ ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ. ಬೆಳಿಗ್ಗೆ ಇದನ್ನೇ ಲಿಂಗಕ್ಕೆ ಎಡೆ ಮಾಡಿದ್ದೆ. ಇದರಲ್ಲಿ ವಿಷವಿದ್ದರೆ ಅವನಿಗೂ ಅದನ್ನೇ ಉಣಿಸಿದ್ದೇನೆ. ಅವನು ಜೀರ್ಣಿಸಿಕೊಂಡಾನು, ಕೂಸಿಗೆ ಆಗುವುದಿಲ್ಲ.

"ತಪ್ಪಾತು ತಂದೆ," ಅಂದು ಮೋರಿಗೆ ಸುರಿದೆ. ತಳದಲ್ಲಿ ಉಳಿದದ್ದನ್ನೂ ನೀರು ಹಾಕಿ ತೊಳೆದು ಚೆಲ್ಲಿದೆ. ಅದಕ್ಕೆ ನನಗೇ ಆಶ್ಚರ್ಯವಾಯಿತು.

ಸಂಜೆ ಮನೆಯವರು ಬಂದು ತಣ್ಣನೆಯ ಒಲೆ ನೋಡಿದರು. "ಏನ, ಇವತ್ತ ಒಲಿಗಿ ಸೂಟಿ ಕೊಟ್ಟಿಯೇನ?"

ಎಲ್ಲ ಹೇಳಿದೆ. ಅವರು ಕಡಿಮೆ ಮಾತಿನವರು. ಕೆಳಗಿನ ಅಂಗಡಿಯಿಂದ ಬ್ರೆಡ್ಡು, ಬಾಳೆಹಣ್ಣು ತಂದಿಟ್ಟು, "ನಾಳೆ ಮುಂಜಾನೆ ಇಬ್ಬರೂ ರಕ್ತ ಕೊಟ್ಟ ಬರೂಣು," ಅಂದರು ಅಷ್ಟೇ.

ನಮ್ಮಿಬ್ಬರ ವರದಿ ಬಂತು. ನನ್ನ ರಕ್ತದಲ್ಲಿ ಸೀಸ ಚೆನ್ನಾಗಿಯೇ ಇತ್ತು. ಬೆರಳ ಕೀಲು ನೋವು, ಹೊಟ್ಟೆ ಬಿಗಿತ ಎಲ್ಲವನ್ನೂ ನಾನು ವಯಸ್ಸಿನ ಲೆಕ್ಕಕ್ಕೆ ಹಾಕಿಬಿಟ್ಟಿದ್ದೆ. ಮನೆಯವರ ರಕ್ತದಲ್ಲಿ ಹೇಳುವಷ್ಟು ಇರಲಿಲ್ಲ. ಡಾಕ್ಟರು ಇದನ್ನು ನೋಡಿ ಕೆಟ್ಟ ಸುದ್ದಿ ಅನ್ನಲಿಲ್ಲ. "ದಾರಿ ಸಿಕ್ಕಿತು. ಮಗುವೂ ನೀವೂ ತಿನ್ನುವುದು, ನಿಮ್ಮ ಯಜಮಾನರು ತಿನ್ನದೆ ಇರುವುದು ಯಾವುದು?" ಎಂದರು.

ಮನೆಗೆ ಬಂದು ನೆಲದ ಮೇಲೆ ಕೂತು ಒಂದೊಂದೇ ತೆಗೆದು ನೋಡಿದೆ. ಒಂದೇ ನೀರು, ಒಂದೇ ಅಕ್ಕಿ, ಒಂದೇ ಹಿಟ್ಟು, ಒಂದೇ ಎಣ್ಣೆ. ಅರಿಶಿಣ ಎಲ್ಲರ ಪಲ್ಯದಲ್ಲೂ ಇದೆ. ಅವರು ಮಧ್ಯಾಹ್ನ ಡಬ್ಬಿಯಲ್ಲಿ ರೊಟ್ಟಿ ಪಲ್ಯ ಒಯ್ಯುತ್ತಾರೆ, ರಾತ್ರಿ ರೊಟ್ಟಿ ಮಜ್ಜಿಗೆ.

"ರೀ, ನೀವು ನನ್ನ ಸಾರ ಉಂಡು ಎಷ್ಟ ದಿನ ಆತು?"

"ಹುಳಿ ಅಂದ್ರ ನನಗ ಎದಿ ಉರೀತೈತಿ ಅಂತ ಬಿಟ್ಟು ವರ್ಷ ಆತಲ್ಲ. ಮರತಿಯೇನ? ಅದಕ್ಕ ಮೂರ ದಿನ ಮಾರಿ ಉಬ್ಬಿಸ್ಕೊಂಡ ಕೂತಿದ್ದಿ." ಆಮೇಲೆ ಮೆಲ್ಲಗೆ, "ಏನ, ಪೊಲೀಸ ತನಿಖೆ ಚಾಲೂ ಆತೇನ?" ಅಂದರು.

ಸಾರು. ಸಾರಿನೊಳಗಿನ ಹುಣಸೆಹಣ್ಣು, ಬೆಲ್ಲ, ಮಸಾಲೆ, ಇಲ್ಲವೇ ಅದು ಮೂರು ದಿನ ಕೂರುವ ಬೋಗುಣಿ. ಬೋಗುಣಿಯನ್ನು ಬೆಳಕಿಗೆ ಹಿಡಿದೆ. ಒಳಗೆ ಕಲಾಯಿ ಬೆಳ್ಳಿಯಂತೆ ಹೊಳೆಯುತ್ತಿತ್ತು, ತಳದಲ್ಲಿ ಮಾತ್ರ ಮಸುಕು ಬೂದು. ಆಗ ಶಿವರಾತ್ರಿ ನೆನಪಾಯಿತು.

ಹಿತ್ತಾಳೆಯಲ್ಲಿ ಹುಳಿ ಕೆಡುತ್ತದೆಂದು ಒಳಗೆ ತವರದ ಲೇಪ ಹಾಕಿಸುವುದು ಎಲ್ಲರಿಗೂ ಗೊತ್ತಿದ್ದದ್ದೇ. ನಮ್ಮ ಗಲ್ಲಿಗೆ ವರ್ಷವೂ ಬರುತ್ತಿದ್ದ ಕಲಾಯಿ ಅಜ್ಜ ವಯಸ್ಸಾಗಿ ಊರಿಗೆ ಹೋಗಿಬಿಟ್ಟ. ಶಿವರಾತ್ರಿಗೆ ಮುಂಚೆ ಗರಿಯಾಹಾಟ್ ಸಮೀಪ ಹೊಸಬನೊಬ್ಬ ಸಿಕ್ಕ. ನಾನೇ ಮುಂದೆ ನಿಂತು ಏಳು ಕನ್ನಡದವರ ಮನೆಗಳಿಂದ ಪಾತ್ರೆ ಕೂಡಿಸಿ ಅವನಿಂದ ಕಲಾಯಿ ಹಾಕಿಸಿದ್ದೆ. ಇದ್ದಿಲು ಕಾಯಿಸಿ, ನವಸಾಗರದ ಪುಡಿ ಚಿಮುಕಿಸಿ, ಬಿಳಿ ಹೊಗೆ ಏಳುತ್ತಿದ್ದಂತೆ ಗಟ್ಟಿ ಉಜ್ಜಿ ಅರಿವೆಯಿಂದ ಒರೆಸಿದ. ಅಜ್ಜನ ತವರದ ಕಡ್ಡಿ ತೆಳ್ಳಗಿತ್ತು, ಬಗ್ಗಿಸಿದರೆ ಕರಕರ ಎಂದು ಸದ್ದು ಮಾಡುತ್ತಿತ್ತು. ಇವನದು ದಪ್ಪ, ಮಂಕು ಬಣ್ಣದ ಗಟ್ಟಿ. ನೋಡಿದ್ದೆ. ಕೇಳಲಿಲ್ಲ. ಬೇಗ ಕರಗುತ್ತಿದೆ, ಚೆನ್ನಾಗಿ ಹೊಳೆಯುತ್ತಿದೆ ಎಂದು ಖುಷಿಪಟ್ಟು ಏಳೂ ಮನೆಗೆ ನಾನೇ ಕೈಯಾರೆ ಮುಟ್ಟಿಸಿದ್ದೆ.

ಆದರೆ ನನಗೆ ಅನಿಸಿದರೆ ಸಾಲದು. ಕಿಟಕಿಯ ವಿಷಯದಲ್ಲೂ ಹೀಗೇ ಅನಿಸಿತ್ತು, ಆರು ವಾರ ಹಾಳಾಯಿತು. ಈ ಸಲ ಮೊಸರು ಕೆಟ್ಟಾಗ ಏನು ಮಾಡುತ್ತೇನೋ ಅದನ್ನೇ ಮಾಡಿದೆ. ಮೊಸರು ಕೆಟ್ಟರೆ ಹಾಲನ್ನೂ ಹೆಪ್ಪನ್ನೂ ಒಟ್ಟಿಗೆ ಬದಲಿಸಬಾರದು, ಒಂದನ್ನೇ ಬದಲಿಸಿ ನೋಡಬೇಕು. ಒಂದೇ ಉಂಡೆಯ ಹುಣಸೆಹಣ್ಣು, ಒಂದೇ ನಲ್ಲಿಯ ನೀರು, ಅದೇ ಬೆಲ್ಲ, ಅದೇ ಮಸಾಲೆ, ಎಲ್ಲ ಒಟ್ಟಿಗೆ ಕಲಸಿ ಮೂರು ಪಾಲು ಮಾಡಿದೆ. ಒಂದನ್ನು ಬೋಗುಣಿಯಲ್ಲಿ, ಇನ್ನೊಂದನ್ನು ಸ್ಟೀಲ್ ಪಾತ್ರೆಯಲ್ಲಿ ಕುದಿಸಿ ಅಲ್ಲಲ್ಲೇ ಇಟ್ಟೆ. ಮೂರನೆಯದನ್ನು ಕುದಿಸದೆ ಗಾಜಿನ ಪಾತ್ರೆಗೆ ಹಾಕಿದೆ. ಒಂದು ಹಗಲು ಒಂದು ರಾತ್ರಿ ಬಿಟ್ಟು ಮೂರು ಬಾಟಲಿಗೆ ತುಂಬಿ, ಒಂದು, ಎರಡು, ಮೂರು ಎಂದು ಚೀಟಿ ಅಂಟಿಸಿ, ಬಸ್ಸು ಹಿಡಿದು ಪರೀಕ್ಷಾಲಯಕ್ಕೆ ಹೋದೆ.

ಅಲ್ಲಿನ ಹುಡುಗಿ ಬಾಟಲಿ ನೋಡಿದವಳೇ ತಲೆ ಅಲ್ಲಾಡಿಸಿದಳು. ಇಲ್ಲಿಯವರು ಚಿಕ್ಕಮ್ಮನಿಗೆ ಮಾಶಿಮಾ ಅನ್ನುತ್ತಾರೆ. "ಮಾಶಿಮಾ, ಇವು ತಂಪು ಪಾನೀಯದ ಬಾಟಲಿ. ಇದರಲ್ಲಿ ತೆಗೆದುಕೊಳ್ಳುವ ಹಾಗಿಲ್ಲ."

"ಬಿಸಿನೀರಿನಲ್ಲಿ ತೊಳೆದಿದ್ದೇನಮ್ಮಾ."

"ನೀವು ತೊಳೆದದ್ದು ಊಟಕ್ಕೆ ಸಾಕು. ಈ ಯಂತ್ರಕ್ಕೆ ಸಾಕಾಗುವುದಿಲ್ಲ."

ಅವರೇ ಆಮ್ಲದಲ್ಲಿ ತೊಳೆದ ಬಿಳಿ ಬಾಟಲಿ ಕೊಟ್ಟು ಕಳಿಸಿದರು. ಮತ್ತೆ ಮನೆಗೆ, ಮತ್ತೆ ಹುಣಸೆಹಣ್ಣು, ಮತ್ತೆ ಒಂದು ಹಗಲು ರಾತ್ರಿ. ಡಾಕ್ಟರು ಕೊಟ್ಟ ಎರಡು ವಾರದಲ್ಲಿ ಮೂರು ದಿನ ಹೀಗೆ ಹೋಯಿತು. ಅವತ್ತಿನ ಎಣಿಕೆಯಲ್ಲಿ ಒಂದೇ ಗೆಣ್ಣು ತುಂಬಿತು: ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತ್ತು.

ಎರಡನೇ ಸಲ ಆ ಹುಡುಗಿಗೆ ಮೂರು ಬಾಟಲಿಯ ಕತೆ ಹೇಳಿದಾಗ ಅವಳು ಬರೆಯುವುದನ್ನು ನಿಲ್ಲಿಸಿದಳು. "ಹೀಗೆ ಹೋಲಿಸಿ ನೋಡುವುದನ್ನು ನಿಮಗೆ ಯಾರು ಕಲಿಸಿದರು?"

"ಮೊಸರು."

ಅವಳಿಗೆ ಅರ್ಥವಾಗಲಿಲ್ಲ, ಆದರೂ ನಕ್ಕಳು. ಬೇಗ ಮಾಡಿಸಿಕೊಡುತ್ತೇನೆಂದು ಮಾತು ಕೊಟ್ಟು ಅದನ್ನು ಉಳಿಸಿಕೊಂಡಳು. ನಾಲ್ಕನೇ ದಿನ ಫೋನ್ ಬಂತು. "ಮಾಶಿಮಾ, ಎರಡು, ಮೂರರಲ್ಲಿ ಏನೂ ಇಲ್ಲ. ಒಂದನೇ ನಂಬರಿನದನ್ನು ದಯವಿಟ್ಟು ಯಾರಿಗೂ ಕೊಡಬೇಡಿ. ಯಾವುದರಲ್ಲಿ ಇಟ್ಟಿದ್ದಿರಿ ಅದನ್ನು?"

ಒಂದನೇ ನಂಬರು ಬೋಗುಣಿಯದು.

ಮೊದಲು ಕೂಸಿನ ತಾಯಿಯ ಮನೆಗೆ ಹೋದೆ. ಫೋನಿನಲ್ಲಿ ಹೇಳುವ ಮಾತಲ್ಲ ಅದು. ಕಿಟಕಿಗಳಿಗೆ ಹೊಸ ಬಣ್ಣ ಬಂದಿತ್ತು. ಕೂಸು ಮಲಗಿತ್ತು. ನಿಂತುಕೊಂಡೇ ಹೇಳಿದೆ.

"ನನ್ನ ಬೋಗಾಣಿ ತಂಗಿ. ಕಲಾಯಿ ಒಳಗ ಸೀಸ ಕೂಡಿಸ್ಯಾರ. ಹುಳಿ ಅದನ್ನ ಬಿಡಿಸಿ ಸಾರಿಗಿ ತಂದೈತಿ. ಆ ಸಾರ ನಾ ನನ್ನ ಕೈಲೆ ಉಣಿಸೇನಿ. ನಿನ್ನ ಕಿಟಕಿದು ತಪ್ಪಿಲ್ಲ."

ಅವಳು ಹೋಗಿ ಮಲಗಿದ್ದ ಕೂಸಿನ ಹೊದಿಕೆ ಸರಿಮಾಡಿದಳು. ಕಣ್ಣಲ್ಲಿ ನೀರು ತುಂಬಿತು. ಸಿಟ್ಟೋ, ಬಿಡುಗಡೆಯೋ, ಎರಡೂ ಇರಬಹುದು. ಕೊನೆಗೆ, "ಈಗ ನಿಲ್ಲುತ್ತಲ್ಲ ಆಂಟಿ?" ಎಂದಳು.

"ನಿಂತೈತಿ. ಅವತ್ತ ಸೋಮವಾರನ ನಿಂತೈತಿ."

"ಸರಿ." ಅಷ್ಟೇ ಹೇಳಿದಳು. ಬಾ ಅನ್ನಲಿಲ್ಲ, ಬರಬೇಡ ಅನ್ನಲಿಲ್ಲ. ಕೂಸನ್ನು ಮತ್ತೆ ನನ್ನ ಕೈಗೆ ಕೊಡುತ್ತಾಳೋ ಇಲ್ಲವೋ ಎಂದು ಕೇಳುವ ಹಕ್ಕು ನನಗಿರಲಿಲ್ಲ. ಕೇಳಲಿಲ್ಲ.

ಇನ್ನು ಉಳಿದದ್ದು ಏಳು ಮನೆಗಳು. ಮನೆಯವರು, "ಗ್ರೂಪಿನಾಗ ಒಂದ ಮೆಸೇಜ ಹಾಕಿಬಿಡು," ಅಂದರು. ಪಾತ್ರೆಯನ್ನು ಕೈಯಾರೆ ಮುಟ್ಟಿಸಿದವಳು ನಾನು, ಮಾತನ್ನೂ ಹಾಗೇ ಮುಟ್ಟಿಸಬೇಕು. ನನ್ನ ರಕ್ತದ ವರದಿ, ಮೂರು ಬಾಟಲಿಯ ವರದಿ ಚೀಲದಲ್ಲಿ ಹಾಕಿಕೊಂಡು ಮೂರು ದಿನ ತಿರುಗಿದೆ. ಹೆಚ್ಚಿನವರು ಹೇಳಿದ ತಕ್ಷಣ ಪಾತ್ರೆ ಎತ್ತಿಟ್ಟರು. ಒಬ್ಬರು ಮಾತ್ರ, ನನಗಿಂತ ಹಿರಿಯರು, ಬಾಗಿಲಲ್ಲೇ ನಿಲ್ಲಿಸಿಕೊಂಡರು.

"ಕಲಾಯಿ ಹಾಕಸ್ರಿ, ಹಾಕಸ್ರಿ ಅಂತ ನಮ್ಮನೀ ಅಟ್ಟ ಹತ್ತಿ ಪಾತ್ರಿ ಇಳಿಸಿದಾಕಿ ನೀನ. ಈಗ ವಿಷ ಅಂತ ಹೇಳಲಿಕ್ಕೂ ನೀನ ಬಂದಿ. ನಮ್ಮ ಮಂದಿ ಇದರಾಗ ಉಂಡು ನೂರ ವರ್ಷ ಬದುಕಿಲ್ಲೇನ?"

"ಅವರ ಕಲಾಯಿ ಬ್ಯಾರೆ ಇತ್ತ ಅಕ್ಕಾರ. ತವರ ಇತ್ತು. ಬೈರಿ, ಬೈಸಿಕೊಳ್ಳಲಿಕ್ಕೆ ಬಂದೇನಿ. ಆದ್ರ ಇವತ್ತಿನ ಸಾರ ಅದರಾಗ ಮಾಡಬ್ಯಾಡ್ರಿ. ನಿಮ್ಮ ಮಮ್ಮಗಳು ಬಸರದಾಳ."

ಅವರ ಮೊಮ್ಮಗಳು ಹೆರಿಗೆಗೆ ಬಂದು ಅಲ್ಲೇ ಇದ್ದಳು. ಹೊಟ್ಟೆಯಲ್ಲಿರುವ ಕೂಸಿಗೂ ಸೀಸ ದಾಟುತ್ತದೆಂದು ಡಾಕ್ಟರು ನನಗೆ ಹೇಳಿದ್ದರು. ಹಿರಿಯರು ಒಳಗೆ ಹೋದರು. ಪಾತ್ರೆ ದಡಕ್ಕನೆ ಕೆಳಗಿಳಿದ ಸದ್ದು ಕೇಳಿತು. ಹೊರಗೆ ಬಂದು, "ಒಳಗ ಬಾ, ಚಹಾ ಕುಡಿ. ಸ್ಟೀಲಿನಾಗ ಮಾಡತೇನಿ, ಅಂಜಬ್ಯಾಡ," ಅಂದರು.

ಮರುದಿನ ಕಲಾಯಿಯವನನ್ನು ಹುಡುಕಿಕೊಂಡು ಹೋದೆ. ಜಗಳಕ್ಕಲ್ಲ. ಅವನ ಹತ್ತಿರವಿದ್ದ ಗಟ್ಟಿಯನ್ನು ಇಸಿದುಕೊಂಡು ನನ್ನ ವರದಿಯ ಹಿಂಭಾಗದ ಮೇಲೆ ಉಜ್ಜಿದೆ. ಪೆನ್ಸಿಲಿನಂತೆ ಕಪ್ಪು ಗೆರೆ ಬಿತ್ತು. ಅಸಲು ತವರ ಹೀಗೆ ಗೆರೆ ಬಿಡುವುದಿಲ್ಲ ಎಂದು ಪರೀಕ್ಷಾಲಯದ ಹುಡುಗಿ ಹೇಳಿಕೊಟ್ಟಿದ್ದಳು. ಅವನು ಗೆರೆಯನ್ನು ನೋಡುತ್ತ ಕೂತ. ಗುಜರಿಯಲ್ಲಿ ತವರ ಎಂದು ಹೇಳಿ ಕೊಟ್ಟದ್ದಂತೆ. ಸೀಸ ಬೆರೆಸಿದ, ಬೆಸುಗೆ ಹಾಕುವ ಮಾಲು ಅದು. ಅವನಿಗೂ ಹೊಟ್ಟೆನೋವು, ಅವನ ಬೆರಳುಗಳೂ ನಡುಗುತ್ತಿದ್ದವು. ದಿನಾ ಆ ಹೊಗೆಯ ಮೇಲೆ ಬಗ್ಗಿ ಕೂರುವವನು ಅವನೇ ತಾನೆ. ಡಾಕ್ಟರ ಚೀಟಿಯೊಂದನ್ನು ಅವನಿಗಾಗಿಯೇ ಬರೆಸಿಕೊಂಡು ಹೋಗಿದ್ದೆ. ಕೊಟ್ಟೆ. ಆ ಗಟ್ಟಿಯನ್ನು ನನ್ನೆದುರಿಗೇ ಪಕ್ಕಕ್ಕಿಟ್ಟ. ಆಮೇಲೆ ಏನು ಮಾಡಿದನೋ ನೋಡಲು ನಾನು ಹೋಗಿಲ್ಲ, ಆದರೆ ರಕ್ತ ಕೊಟ್ಟನೆಂದು ಡಾಕ್ಟರು ಹೇಳಿದರು.

ಬೋಗುಣಿಯನ್ನು ಯಾರಿಗೂ ದಾನ ಕೊಡುವ ಹಾಗಿಲ್ಲ. ಕೊಟ್ಟರೆ ಅವರು ಅದರಲ್ಲಿ ಅಡುಗೆ ಮಾಡುತ್ತಾರೆ. ಅತ್ತೆಯವರ ಹೆಸರು ಅದರ ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದಿದೆ. ಮನೆಯವರಿಂದ ದಪ್ಪ ಮೊಳೆ ತರಿಸಿ, ಬೋಗುಣಿಯನ್ನು ಬೋರಲು ಹಾಕಿ, ತಳಕ್ಕೆ ಮೂರು ತೂತು ಹೊಡೆಸಿ ಅಟ್ಟಕ್ಕೇರಿಸಿದೆ. ಹೆಸರು ಇರಲಿ, ಸಾರು ಬೇಡ.

ಎರಡು ವಾರ ತುಂಬಿದಾಗ ಕೂಸಿನ ರಕ್ತದ ಅಂಕಿ ಸ್ವಲ್ಪ ಇಳಿದಿತ್ತು. ಆಸ್ಪತ್ರೆ ತಪ್ಪಿತು. ಆ ಸುದ್ದಿಯನ್ನು ತಾಯಿ ಫೋನ್ ಮಾಡಿ ಹೇಳಿದಳು, ಮತ್ತೇನೂ ಹೇಳಲಿಲ್ಲ. ನಾನು ದಿನಾ ಸಂಜೆ ಗೆಣ್ಣು ಎಣಿಸುತ್ತಿದ್ದೆ. ಒಂದು ಗೆಣ್ಣನ್ನು ಮಾತ್ರ ಕೂಸಿಗೆಂದು ಖಾಲಿ ಬಿಡುತ್ತಿದ್ದೆ.

ಬೀದಿಯಲ್ಲಿ ದುರ್ಗಾಪೂಜೆಯ ಬಿದಿರು ಪೆಂಡಾಲು ಏಳುತ್ತಿದ್ದ ದಿನಗಳಲ್ಲಿ ಮತ್ತೊಂದು ಪರೀಕ್ಷೆಯಾಯಿತು. ಅರ್ಧಕ್ಕಿಂತ ಕೆಳಗೆ ಬಂದಿತ್ತು. ಮುಖದಲ್ಲಿ ರಕ್ತ ಕಾಣುತ್ತಿದೆ, ಹಟ ಕಡಿಮೆಯಾಗಿದೆ, ಇನ್ನೂ ಕೆಲವು ತಿಂಗಳು ನೋಡುತ್ತಲೇ ಇರಬೇಕು ಎಂದರಂತೆ ಡಾಕ್ಟರು. ನನ್ನದೂ ಇಳಿಯುತ್ತಿತ್ತು.

ಅದರ ಮರು ಸೋಮವಾರ ಬೆಳಿಗ್ಗೆ, ನಾನು ಪೂಜೆ ಮುಗಿಸಿ ಏಳುವ ಹೊತ್ತಿಗೆ ಬಾಗಿಲ ಗಂಟೆ ಸದ್ದಾಯಿತು. ಕೂಸಿನ ತಾಯಿ. ಹೆಗಲಲ್ಲಿ ಆಫೀಸಿನ ಚೀಲ, ಕಂಕುಳಲ್ಲಿ ಕೂಸು. ಈ ಸಲ ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೆ ಬಂದಳು. ಒಲೆಯ ಮೇಲಿನ ಸ್ಟೀಲ್ ಪಾತ್ರೆಯ ಮುಚ್ಚಳ ತೆಗೆದು ನೋಡಿದಳು, ಶೆಲ್ಫಿನ ಮೇಲೆ ಕಣ್ಣಾಡಿಸಿದಳು.

"ನೋಡು ತಂಗಿ, ಎಲ್ಲಾ ನೋಡು. ದಿನಾ ಬಂದ ನೋಡಿದ್ರೂ ನಂದೇನ ಬ್ಯಾಸರಿಲ್ಲ."

"ದಿನಾ ನೋಡೋಕೆ ನನಗೆಲ್ಲಿ ಟೈಮ್ ಆಂಟಿ? ಗಾಡಿ ಬಂದಿದೆ." ಮುಚ್ಚಳ ಮುಚ್ಚಿ ಕೂಸನ್ನು ನನ್ನ ಕಡೆ ಚಾಚಿದಳು. "ಮೂರು ದಿನದಿಂದ ಸಾರು, ಆಯಿ ಸಾರು ಅಂತ ತಲೆ ತಿಂತಿದ್ದಾಳೆ. ತಗೊಳ್ಳಿ."

ಅವಳು ಮೆಟ್ಟಿಲಿಳಿದು ಹೋದಳು. ಕೂಸು ತುಸು ಭಾರವಾಗಿತ್ತು. ಬೆಳಿಗ್ಗೆಯೇ ಆದರೂ ಇರಲಿ ಎಂದು, ಲಿಂಗದ ಮುಂದೆ ಕೂತು ಗೆಣ್ಣು ಎಣಿಸಲು ಕೈ ತೆರೆದೆ. ಎಣಿಸಲಾಗಲಿಲ್ಲ. ಬೆರಳುಗಳನ್ನೆಲ್ಲ ಕೂಸು ಗಟ್ಟಿಯಾಗಿ ಹಿಡಿದುಕೊಂಡು ಒಲೆಯ ಕಡೆಗೆ ಎಳೆಯುತ್ತಿತ್ತು.